ಹಳೇ ಕಾರಿಗೆ ಮ್ಯಾನುಯಲ್ ಗೇರ್: ಮೂರು ದಿನದ ಕೆಲಸ ಅಲ್ಲ

ಮಾನ್ಯ ಸಂಪಾದಕರೇ,

ನಮಸ್ಕಾರ. ಹಳೇ ಕಾರುಗಳಲ್ಲಿ ಆಟೋಮ್ಯಾಟಿಕ್ ತೆಗೆದು ಮ್ಯಾನುಯಲ್ ಗೇರ್‌ಬಾಕ್ಸ್ ಹಾಕಿಸುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಖುಷಿಯಾಯಿತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಹಳೇದು ಇಳಿಸು, ಹೊಸದು ಏರಿಸು, ಒಂದು ಪೆಡಲ್ ಜೋಡಿಸು, ಮುಗೀತು ಅನ್ನುವ ಹಾಗಿದೆ ಆ ಬರಹ. ಈ ಕೆಲಸ ನನ್ನ ಕಾರಿಗೆ ಎರಡು ಸಲ ಆಗಿದೆ. ಮೊದಲ ಸಲ ಒಂದು ವರ್ಕ್‌ಶಾಪಿನಲ್ಲಿ, ಎರಡನೇ ಸಲ ನಾನೇ ಕಾರಿನ ಕೆಳಗೆ ಅಂಗಾತ ಮಲಗಿ. ಹಾಗಾಗಿ ಪತ್ರ ಸ್ವಲ್ಪ ಉದ್ದವಾಗಿದೆ. ಎಲ್ಲಿ ಕತ್ತರಿ ಹಾಕಬೇಕೋ ಹಾಕಿ, ಆದರೆ ಹ್ಯಾಂಡ್ ಬ್ರೇಕ್ ವಿಷಯ ಮಾತ್ರ ಬಿಡಬೇಡಿ.

ನನ್ನದು 1966ರ ಫೋರ್ಡ್ ಮಸ್ಟ್ಯಾಂಗ್. 289 ಕ್ಯೂಬಿಕ್ ಇಂಚಿನ ವಿ-8 ಎಂಜಿನ್, ಅದಕ್ಕೆ ಮೂರು ಗೇರಿನ ಸಿ4 ಆಟೋಮ್ಯಾಟಿಕ್. ಫೋರ್ಡ್ ಈ ಸಿ4 ತಂದದ್ದು 1964ರ ಮಾದರಿಗಳಲ್ಲಿ. ಆ ಮೊದಲ ವರ್ಷಗಳ ಸೆಲೆಕ್ಟರ್‌ನಲ್ಲಿ ಮುಂದಕ್ಕೆ ಓಡಿಸಲು ಇಡುವ ಡಿ (ಡ್ರೈವ್) ಅನ್ನೋ ಅಕ್ಷರವೇ ಇಲ್ಲ. ಬದಲಿಗೆ ಎರಡು ಚುಕ್ಕೆ. ದೊಡ್ಡ ಹಸಿರು ಚುಕ್ಕೆಗೆ ಇಟ್ಟರೆ ಕಾರು ಫಸ್ಟ್ ಗೇರಿನಿಂದ ಹೊರಡುತ್ತದೆ, ಸಣ್ಣ ಚುಕ್ಕೆಗೆ ಇಟ್ಟರೆ ಸೆಕೆಂಡ್‌ನಿಂದ, ಜಾರುವ ರಸ್ತೆಯಲ್ಲಿ ಚಕ್ರ ಸುಮ್ನೆ ಸುತ್ತದಿರಲಿ ಅಂತ. 1967ಕ್ಕೆ ಆ ಚುಕ್ಕೆಗಳು ಹೋದವು. ನನಗೆ ಅವುಗಳ ಮೇಲೆ ಈಗಲೂ ಪ್ರೀತಿ.

ಹಾಗಾದರೆ ಯಾಕೆ ತೆಗೆಸಿದೆ ಅಂತ ಕೇಳುತ್ತೀರಿ. ಕಾರು ಹೊಗೆ ಬಿಡತೊಡಗಿತ್ತು. ಬಿಳಿ ಹೊಗೆ, ಸ್ಟಾರ್ಟ್ ಮಾಡಿದ ಕೂಡಲೇ ಮೋಡದ ಹಾಗೆ. ಗೇರ್ ಬದಲಾಗುವಾಗ ಬೆನ್ನಿಗೆ ಗುದ್ದಿದ ಹಾಗೆ ಜರ್ಕ್. ಎರಡು ವಾರಕ್ಕೊಮ್ಮೆ ಗೇರ್‌ಬಾಕ್ಸ್ ಆಯಿಲ್ ಕಡಿಮೆಯಾಗುತ್ತಿತ್ತು, ನೆಲದ ಮೇಲೆ ನೋಡಿದರೆ ಒಂದು ಹನಿಯೂ ಇಲ್ಲ. ವರ್ಕ್‌ಶಾಪಿನವರು ನೋಡಿ, ಗೇರ್‌ಬಾಕ್ಸ್ ಹೋಯಿತು ಸಾರ್, ಇದನ್ನು ರಿಪೇರಿ ಮಾಡಿಸೋ ಬದಲು ಮ್ಯಾನುಯಲ್ ಹಾಕಿಬಿಡೋಣ, ಮೂರು ದಿನದ ಕೆಲಸ ಅಂದರು. ನನಗೂ ಮೊದಲಿನಿಂದ ಆಸೆ ಇತ್ತು. ವಿ-8 ಎಂಜಿನ್ನು, ಕೈಯಲ್ಲಿ ಗೇರ್ ರಾಡ್, ಯಾರಿಗೆ ಬೇಡ? ಹೂಂ ಅಂದೆ.

ನಾಲ್ಕು ತಿಂಗಳು ಹಿಡಿಯಿತು.

ಇಳಿಸಿದ ಸಿ4 ಅನ್ನು ಅವರು ಗುಜರಿಗೆ ಹಾಕುವ ಅಂದಾಜಿನಲ್ಲಿದ್ದರು. ನಾನು ಹಟ ಮಾಡಿ ಮನೆಗೆ ತಂದೆ. ಅದರ ಹಿಂಭಾಗದಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ, ವ್ಯಾಕ್ಯೂಮ್ ಮಾಡ್ಯುಲೇಟರ್ ಅಂತ. ಎಂಜಿನ್ ಮೇಲೆ ಎಷ್ಟು ಲೋಡ್ ಬಿದ್ದಿದೆ ಅನ್ನೋದನ್ನು, ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಾದ ಮ್ಯಾನಿಫೋಲ್ಡ್‌ನ ಎಳೆತದಿಂದ ತಿಳಿದು ಗೇರ್‌ಬಾಕ್ಸ್‌ಗೆ ಹೇಳೋದು ಅದರ ಕೆಲಸ. ಆ ಡಬ್ಬಿಗೆ ಒಂದು ತುಂಡು ರಬ್ಬರ್ ಪೈಪ್ ಇನ್ನೂ ಅಂಟಿಕೊಂಡಿತ್ತು. ಎಳೆದೆ. ಒಳಗಿನಿಂದ ಕೆಂಪು ಆಯಿಲ್ ಬೆರಳಿನ ಮೇಲೆ ಸುರಿಯಿತು. ಗಾಳಿ ಇರಬೇಕಾದ ಜಾಗದಲ್ಲಿ ಆಯಿಲ್. ಅಂದರೆ ಒಳಗಿನ ರಬ್ಬರ್ ಪೊರೆ ಹರಿದಿದೆ, ಎಂಜಿನ್ನು ಆ ಪೈಪಿನಿಂದ ಗೇರ್‌ಬಾಕ್ಸ್ ಆಯಿಲನ್ನು ಹೀರಿ ಸುಡುತ್ತಿದೆ. ಹೊಗೆಗೂ ಅದೇ ಕಾರಣ, ಆಯಿಲ್ ಮಾಯವಾಗುವುದಕ್ಕೂ ಅದೇ, ಜರ್ಕಿಗೂ ಅದೇ. ಗೇರ್‌ಬಾಕ್ಸ್ ಇಳಿಸದೆ, ಕಾರಿನ ಕೆಳಗೆ ಹೋಗಿ ಬಿಚ್ಚಿ ಬದಲಾಯಿಸಬಹುದಾದ ಬಿಡಿಭಾಗ ಅದು. ಕೆಡದೇ ಇದ್ದ ಗೇರ್‌ಬಾಕ್ಸನ್ನು ನಾನು ಇಳಿಸಿ ಕೂತಿದ್ದೆ!

ನಿಮ್ಮ ಬರಹದಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. ಆಟೋಮ್ಯಾಟಿಕ್ ಅಂದರೆ ಕೆಟ್ಟದ್ದು, ಸೋಮಾರಿಗಳದ್ದು ಅನ್ನುವ ಧಾಟಿ ಬೇರೆ. ಇದು ನನಗೆ ಸರಿ ಕಾಣಲಿಲ್ಲ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ನಲ್ಲಿ ಹೈಡ್ರಾ-ಮ್ಯಾಟಿಕ್ ಬಂದಾಗ ಅದು ಎಂಜಿನಿಯರಿಂಗ್ ಸಾಹಸವೇ ಆಗಿತ್ತು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಬರೀ ಆಯಿಲ್ ಒತ್ತಡ, ಸ್ಪ್ರಿಂಗ್, ವಾಲ್ವ್‌ಗಳಿಂದ ಯೋಚನೆ ಮಾಡುವ ಯಂತ್ರ. ರೋಲ್ಸ್-ರಾಯ್ಸ್ ಅದೇ ಪೆಟ್ಟಿಗೆಯನ್ನು ಲೈಸೆನ್ಸ್ ಪಡೆದು ತನ್ನ ಕಾರುಗಳಿಗೆ ಹಾಕಿಕೊಂಡಿತು. 1976ರಲ್ಲಿ ಫೆರಾರಿ ಮೊದಲ ಸಲ ಆಟೋಮ್ಯಾಟಿಕ್ ಕಾರು ಮಾಡಿದಾಗ ಒಳಗೆ ಕೂತದ್ದು ಜನರಲ್ ಮೋಟಾರ್ಸ್‌ನ ಟರ್ಬೊ 400. ರೇಸಿನಲ್ಲಿ ಆಗಲ್ಲ ಅನ್ನುವವರಿಗೆ ಇನ್ನೊಂದು ಮಾತು: 1966ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನ 1000 ಕಿಲೋಮೀಟರ್ ರೇಸ್ ಗೆದ್ದ ಚಾಪರಲ್ ಕಾರಿನಲ್ಲಿ ಇದ್ದದ್ದು ಕ್ಲಚ್ ಪೆಡಲ್ ಇಲ್ಲದ ಸೆಮಿ-ಆಟೋಮ್ಯಾಟಿಕ್. ಸೋಮಾರಿಗಳ ಪೆಟ್ಟಿಗೆ ಅಂತೆ!

ಇರಲಿ. ಈಗ ಕೆಲಸದ ಮಾತಿಗೆ ಬರುತ್ತೇನೆ.

ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಚ್ಚಿದರೆ ಇನ್ನೊಂದು ತಾನೇ ಸುತ್ತುತ್ತದಲ್ಲ, ಗಾಳಿಯ ಬದಲು ಆಯಿಲ್ ಅಂದುಕೊಳ್ಳಿ. ಈ ಕನ್ವರ್ಟರ್ರೇ ಭಾರವಾಗಿ, ಎಂಜಿನ್ನಿನ ಓಟವನ್ನು ಸಮನಾಗಿಡುವ ಫ್ಲೈವೀಲ್ ಅನ್ನೋ ಭಾರದ ಚಕ್ರದ ಕೆಲಸ ಮಾಡುವುದರಿಂದ ಎಂಜಿನ್ನಿನ ಹಿಂದೆ ತೆಳ್ಳಗಿನ ಒಂದು ತಗಡಿನ ಪ್ಲೇಟ್ ಇದ್ದರೆ ಸಾಕು. ಮ್ಯಾನುಯಲ್ ಹಾಕುವಾಗ ಆ ಪ್ಲೇಟ್ ತೆಗೆದು ನಿಜವಾದ ಫ್ಲೈವೀಲ್ ಕೂರಿಸಬೇಕು. ಯಾವ ಫ್ಲೈವೀಲ್? ನನ್ನ ಕಾರು ಮುಗ್ಗರಿಸಿದ್ದು ಇಲ್ಲೇ.

ವರ್ಕ್‌ಶಾಪಿನವರು 1980ರ ದಶಕದ ಕೊನೆಯ ಒಂದು ಮಸ್ಟ್ಯಾಂಗ್‌ನಿಂದ ಐದು ಗೇರಿನ ಟಿ-5 ಗೇರ್‌ಬಾಕ್ಸ್ ತಂದಿದ್ದರು. ಒಳ್ಳೆಯ ಗೇರ್‌ಬಾಕ್ಸ್, ಅದರ ಬಗ್ಗೆ ತಕರಾರಿಲ್ಲ. ಅದರ ಜೊತೆಗೇ ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸ್‌ಗೂ ನಡುವಿನ ಗಂಟೆ ಆಕಾರದ ಕವಚ), ಕ್ಲಚ್, ಫ್ಲೈವೀಲ್ ಎಲ್ಲ ಸೆಟ್ ಬಂತು. ಬೋಲ್ಟ್ ತೂತುಗಳು ಸರಿಯಾಗಿ ಕೂತವು. ಎಲ್ಲ ಕೂತಿತು ಅಂದ ಮೇಲೆ ಸರಿಯೇ ಇರಬೇಕು ಅಂದುಕೊಂಡರು. ಆದರೆ ಫೋರ್ಡ್‌ನ ಈ ಸಣ್ಣ ವಿ-8 ಎಂಜಿನ್ನುಗಳ ಬ್ಯಾಲೆನ್ಸು ಎಂಜಿನ್ನಿನ ಒಳಗೆ ಪೂರ್ತಿ ಆಗಿರುವುದಿಲ್ಲ. ಕ್ರ್ಯಾಂಕ್‌ನ, ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟಿನ, ಮುಂದಿನ ತುದಿಯ ಡ್ಯಾಂಪರ್‌ನಲ್ಲಿ ಸ್ವಲ್ಪ, ಹಿಂದಿನ ಫ್ಲೈವೀಲ್‌ನಲ್ಲಿ ಸ್ವಲ್ಪ ತೂಕವನ್ನು ಬೇಕೆಂದೇ ಒಂದು ಪಕ್ಕಕ್ಕೆ ಇಟ್ಟಿರುತ್ತಾರೆ. ಹಳೇ 289ಕ್ಕೆ ಅದು 28 ಔನ್ಸ್ ಲೆಕ್ಕದ್ದು. 1980ರ ದಶಕದ ಶುರುವಿನಿಂದ ಅದೇ ವಂಶದ 302 ಎಂಜಿನ್ನಿಗೆ 50 ಔನ್ಸ್ ಲೆಕ್ಕದ್ದು. ಎರಡೂ ಫ್ಲೈವೀಲ್ ನೋಡೋದಕ್ಕೆ ಅಣ್ಣ ತಮ್ಮಂದಿರ ಹಾಗೆ. ಒಂದರ ಜಾಗಕ್ಕೆ ಇನ್ನೊಂದು ಆರಾಮಾಗಿ ಕೂರುತ್ತದೆ.

50 ಔನ್ಸಿನದು ನನ್ನ 289ರ ಮೇಲೆ ಕೂತಿತು. ಕಾರು ಹೊರಗೆ ಬಂತು. ನಿಧಾನಕ್ಕೆ ಹೋದರೆ ಪರವಾಗಿಲ್ಲ. 2,000 ಆರ್‌ಪಿಎಂ ದಾಟಿದ ಮೇಲೆ ಕನ್ನಡಿಯಲ್ಲಿ ಹಿಂದಿನ ಕಾರು ಎರಡೆರಡು ಕಾಣತೊಡಗಿತು, ಗೇರ್ ರಾಡ್ ಕೈಯಲ್ಲಿ ಜುಮುಜುಮು ಅನ್ನತೊಡಗಿತು. ಎಂಜಿನ್ ಮೌಂಟಿಂಗ್ ಬದಲಾಯಿಸಿದರು. ಪ್ರೊಪೆಲ್ಲರ್ ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದರು. ಚಕ್ರ ಅಲೈನ್‌ಮೆಂಟ್ ಕೂಡ ಮಾಡಿಸಿದರು, ನಿಂತ ಕಾರಿನಲ್ಲೇ ನಡುಕ ಬರುವಾಗ ಚಕ್ರಕ್ಕೇನು ಸಂಬಂಧ ಅಂತ ನಾನೂ ಕೇಳಲಿಲ್ಲ, ಅವರೂ ಯೋಚಿಸಲಿಲ್ಲ. ನ್ಯೂಟ್ರಲ್‌ನಲ್ಲಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗಲೂ ನಡುಗುತ್ತಿದ್ದರೆ ದೋಷ ಇರೋದು ಶಾಫ್ಟ್‌ಗಿಂತ ಮುಂದೆ, ಹಿಂದಲ್ಲ. ಇಷ್ಟು ಸರಳ ವಿಷಯ ತಲೆಗೆ ಬರೋಕೆ ನನಗೆ ಒಂದೂವರೆ ತಿಂಗಳು ಬೇಕಾಯಿತು. ಅವತ್ತೇ ಕಾರನ್ನು ಮನೆಗೆ ತಂದೆ. ಎರಡನೇ ಸಲ ಗೇರ್‌ಬಾಕ್ಸ್ ಇಳಿಸಿದ್ದು ನಾನು ಮತ್ತು ನನ್ನ ತಮ್ಮ.

ಇಳಿಸಿದ ಮೇಲೆ ಇನ್ನೂ ಎರಡು ವಿಷಯ ಕಂಡವು. ಗೇರ್‌ಬಾಕ್ಸ್‌ನ ಮುಂದಿನ ಶಾಫ್ಟ್ ತುದಿ ಕ್ರ್ಯಾಂಕ್‌ನ ಹಿಂದಿನ ತೂತಿನಲ್ಲಿ ಪೈಲಟ್ ಬುಶ್ ಅನ್ನೋ ಒಂದು ಸಣ್ಣ ಲೋಹದ ಬಳೆಯೊಳಗೆ ಕೂರಬೇಕು. ಆಟೋಮ್ಯಾಟಿಕ್ ಕಾರಿನಲ್ಲಿ ಆ ಬುಶ್ ಇರುವುದಿಲ್ಲ, ಯಾಕಂದರೆ ಅದಕ್ಕೆ ಅಲ್ಲಿ ಕೆಲಸವೇ ಇಲ್ಲ. ಪುಣ್ಯಕ್ಕೆ ನಮ್ಮವರು ಅದನ್ನು ಹಾಕಿದ್ದರು, ಆದರೆ ಓರೆಯಾಗಿ ಹೊಡೆದು ಅಂಚು ಕಚ್ಚಿಸಿದ್ದರು. ಕ್ರೈಸ್ಲರ್‌ನ ಹಳೇ ಎಂಜಿನ್ನುಗಳಲ್ಲಿ ಕಥೆ ಇನ್ನೂ ಕಷ್ಟ. ಆಟೋಮ್ಯಾಟಿಕ್‌ಗೆ ಅಂತ ಮಾಡಿದ ಕೆಲವು ಕ್ರ್ಯಾಂಕ್‌ಗಳಲ್ಲಿ ಆ ತೂತನ್ನು ಬುಶ್ ಅಳತೆಗೆ ಕೊರೆದೇ ಇರುವುದಿಲ್ಲ, ಬೇರೆ ತರಹದ ಬೇರಿಂಗ್ ಹುಡುಕಬೇಕು ಇಲ್ಲವೇ ಶಾಫ್ಟ್ ತುದಿ ಕತ್ತರಿಸಬೇಕು. ಎರಡನೆಯದು ಬೆಲ್ ಹೌಸಿಂಗ್. ಅದು ಕ್ರ್ಯಾಂಕ್‌ನ ನಡುಗೆರೆಗೆ ಸರಿಯಾಗಿ ಕೂತಿದೆಯಾ ಅಂತ ಡಯಲ್ ಗೇಜ್ ಇಟ್ಟು ಸುತ್ತಲೂ ನೋಡಬೇಕು. ಗೇಜಿನ ಮುಳ್ಳು ಒಟ್ಟು 5 ಸಾವಿರಾಂಶ ಇಂಚಿಗಿಂತ, ಅಂದರೆ ಸುಮಾರು 0.13 ಮಿಲಿಮೀಟರ್‌ಗಿಂತ ಜಾಸ್ತಿ ಓಡಬಾರದು. ಓಡಿದರೆ ಆಫ್‌ಸೆಟ್ ಡೋವೆಲ್ ಪಿನ್ (ಜಾಗ ಸರಿಹೊಂದಿಸುವ ಓರೆಕೇಂದ್ರದ ಮೊಳೆ) ಹಾಕಿ ಸರಿಮಾಡುತ್ತಾರೆ. ಇದನ್ನು ಯಾರೂ ಮಾಡುವುದಿಲ್ಲ. ಆಮೇಲೆ ಗೇರ್ ಸರಿಯಾಗಿ ಬೀಳಲ್ಲ, ಕ್ಲಚ್ ಪ್ಲೇಟ್ ಬೇಗ ಹೋಗುತ್ತದೆ ಅಂತ ಗೇರ್‌ಬಾಕ್ಸನ್ನು ಬೈಯುತ್ತಾರೆ.

ಸೆಲ್ಫ್ ಮೋಟಾರ್ ಬಗ್ಗೆಯೂ ಒಂದು ಮಾತು. ಎಂಜಿನ್ ಶುರು ಮಾಡಲು ಅದು ಹಿಡಿದು ತಿರುಗಿಸುವುದು ಫ್ಲೈವೀಲ್ ಅಂಚಿನ ಹಲ್ಲುಗಳನ್ನು, ಫ್ಲೈವೀಲ್ ಬದಲಾದರೆ ಹಲ್ಲಿನ ಲೆಕ್ಕವೂ ಬದಲಾಗಬಹುದು. ಈ ಫೋರ್ಡ್‌ಗಳಲ್ಲೇ 157 ಹಲ್ಲಿನದೂ ಇದೆ, 164 ಹಲ್ಲಿನದೂ ಇದೆ. ಬೆಲ್ ಹೌಸಿಂಗ್, ಫ್ಲೈವೀಲ್, ಸೆಲ್ಫ್ ಮೂರೂ ಒಂದಕ್ಕೊಂದು ಹೊಂದಬೇಕು. ಎಂಜಿನ್ನಿಗೂ ಹೌಸಿಂಗಿಗೂ ನಡುವೆ ಇರುವ ತೆಳ್ಳನೆಯ ತಗಡನ್ನು ಮರೆತರೂ ಸೆಲ್ಫ್ ಜಾಗ ತಪ್ಪಿ ಕರಕರ ಅನ್ನುತ್ತದೆ.

ಇದೆಲ್ಲ ಕಣ್ಣಿಗೆ ಕಾಣುವ ದೊಡ್ಡ ಕೆಲಸ. ನನ್ನನ್ನು ಹೆಚ್ಚು ಸತಾಯಿಸಿದ್ದು ಹೆಬ್ಬೆರಳಿನಷ್ಟೂ ದಪ್ಪ ಇಲ್ಲದ ಒಂದು ಪೈಪು. ಗೇರ್‌ಬಾಕ್ಸ್ ಬದಲಾದ ದಿನದಿಂದ ಐಡ್ಲಿಂಗ್ ನಿಲ್ಲುತ್ತಿರಲಿಲ್ಲ. 600ಕ್ಕೆ ಇಳಿಯುತ್ತದೆ, 1,000ಕ್ಕೆ ಏರುತ್ತದೆ, ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ. ಕಾರ್ಬೊರೇಟರ್ ಬಿಚ್ಚಿದರು, ಜೆಟ್ ಬದಲಾಯಿಸಿದರು, ಪಾಯಿಂಟ್, ಕಂಡೆನ್ಸರ್, ಪ್ಲಗ್ ಎಲ್ಲ ಹೊಸದು. ಕಾರು ಮನೆಗೆ ಬಂದ ಮೇಲೆ ಒಂದು ಸಂಜೆ ಬಾನೆಟ್ ಎತ್ತಿ ಸುಮ್ನೆ ನಿಂತು ಕೇಳುತ್ತಿದ್ದೆ. ಎಲ್ಲಿಂದಲೋ ಸಣ್ಣಗೆ ಸುಯ್ ಅನ್ನೋ ಸದ್ದು. ಮ್ಯಾನಿಫೋಲ್ಡ್‌ನ ಹಿಂಭಾಗದಿಂದ ಒಂದು ಕಬ್ಬಿಣದ ಪೈಪ್, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲ್ ಪಕ್ಕದಲ್ಲಿ ಕೆಳಗಿಳಿದು ಹೋಗಿತ್ತು. ಕೈ ಹಾಕಿ ತಡಕಿದೆ. ತುದಿ ತೆರೆದಿದೆ, ಬೆರಳನ್ನು ಎಳೆಯುತ್ತಿದೆ. ಹೆಬ್ಬೆರಳು ಒತ್ತಿ ಮುಚ್ಚಿದೆ. ಎಂಜಿನ್ನು ಒಂದು ಕ್ಷಣ ತಡವರಿಸಿ, ಆಮೇಲೆ ಹೊಲಿಗೆ ಮೆಷಿನ್ನಿನ ಹಾಗೆ ಸಮನಾಗಿ ನಿಂತಿತು.

ಅದೇ ಮಾಡ್ಯುಲೇಟರ್ ಪೈಪು! ಗೇರ್‌ಬಾಕ್ಸ್ ಇಳಿಸಿದವರು ಕೆಳಗಿನ ತುದಿ ಕಿತ್ತು ಹಾಗೇ ಬಿಟ್ಟಿದ್ದರು, ಎಂಜಿನ್ನು ಅದರಿಂದ ಲೆಕ್ಕವಿಲ್ಲದ ಗಾಳಿ ಕುಡಿಯುತ್ತಿತ್ತು. ಮೊದಲು ಆ ಪೈಪಿನಿಂದ ಆಯಿಲ್ ಕುಡಿಯಿತು, ಆಮೇಲೆ ಗಾಳಿ ಕುಡಿಯಿತು. ಮೇಲ್ಗಡೆ ಒಂದು ರಬ್ಬರ್ ಕ್ಯಾಪ್ ಹಾಕಿ ಕ್ಲಿಪ್ ಬಿಗಿದೆ. ಐದು ನಿಮಿಷ.

ಆಟೋಮ್ಯಾಟಿಕ್ ಹೋದ ಮೇಲೆ ಹೀಗೆ ಅನಾಥವಾಗಿ ಉಳಿಯುವ ವಸ್ತುಗಳು ಇನ್ನೂ ಇವೆ. ಆಯಿಲ್ ತಂಪಾಗಿಸಲು ರೇಡಿಯೇಟರ್‌ಗೆ ಹೋಗುವ ಎರಡು ಪೈಪು, ಅವನ್ನು ತೆಗೆದು ರೇಡಿಯೇಟರ್ ತೂತುಗಳಿಗೆ ಪ್ಲಗ್ ಹಾಕಿಡಿ. ಕಾರ್ಬೊರೇಟರ್‌ನಿಂದ ಬರುವ ಕಿಕ್‌ಡೌನ್ ರಾಡ್ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಯಲು ಹೇಳುವುದು), ಅದನ್ನು ನೇತಾಡಲು ಬಿಟ್ಟರೆ ಒಂದು ದಿನ ಆಕ್ಸಿಲರೇಟರ್‌ಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ನ್ಯೂಟ್ರಲ್ ಸ್ವಿಚ್. ಸೆಲೆಕ್ಟರ್ ಪಾರ್ಕ್‌ನ ಪಿ ಅಥವಾ ನ್ಯೂಟ್ರಲ್‌ನ ಎನ್‌ನಲ್ಲಿ ಇದ್ದರೆ ಮಾತ್ರ ಸೆಲ್ಫ್ ಹೊಡೆಯಲು ಬಿಡುವ ಸ್ವಿಚ್ ಅದು. ಅದು ಹೋದ ಮೇಲೆ ಕಾರು ಸ್ಟಾರ್ಟೇ ಆಗುವುದಿಲ್ಲ, ಹಾಗಾಗಿ ಎಲ್ಲರೂ ಎರಡು ವೈರ್ ತಿರುಚಿ ಟೇಪ್ ಸುತ್ತಿಬಿಡುತ್ತಾರೆ. ಸ್ಟಾರ್ಟ್ ಆಗುತ್ತದೆ, ಆದರೆ ಗೇರಿನಲ್ಲಿದ್ದರೂ ಆಗುತ್ತದೆ, ಕಾರು ಕಪ್ಪೆಯ ಹಾಗೆ ಮುಂದಕ್ಕೆ ಹಾರುತ್ತದೆ. ಆ ಎರಡು ವೈರನ್ನು ಕ್ಲಚ್ ಪೆಡಲ್ ಹತ್ತಿರ ಒಂದು ಸ್ವಿಚ್‌ಗೆ ಕೊಟ್ಟರೆ ಮುಗಿಯಿತು, ಕ್ಲಚ್ ಒತ್ತದೆ ಸೆಲ್ಫ್ ಹೊಡೆಯುವುದಿಲ್ಲ. ರಿವರ್ಸ್ ಲೈಟಿನ ವೈರನ್ನೂ ಹೊಸ ಗೇರ್‌ಬಾಕ್ಸ್‌ನ ಸ್ವಿಚ್‌ಗೆ ಎಳೆಯಬೇಕು, ಅದನ್ನಂತೂ ಎಲ್ಲರೂ ಮರೆಯುತ್ತಾರೆ.

ಪೆಡಲ್ ವಿಷಯ. ಕ್ಲಚ್ ಪೆಡಲ್ ಒಂದನ್ನು ಸೇರಿಸಿದರೆ ಸಾಲದು. ಆಟೋಮ್ಯಾಟಿಕ್ ಕಾರಿನ ಬ್ರೇಕ್ ಪೆಡಲ್ ಅಗಲವಾಗಿರುತ್ತದೆ. ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಕ್ಲಚ್ ತೂರಿಸಿದ್ದರು. ಮೊದಲ ದಿನವೇ ಎಡಗಾಲು ಕ್ಲಚ್ ಹುಡುಕುತ್ತಾ ಅಗಲದ ಬ್ರೇಕಿನ ಅಂಚನ್ನು ತುಳಿಯಿತು. ಕ್ಲಚ್ ತುಳಿಯುವ ರಭಸದಲ್ಲಿ ಬ್ರೇಕ್ ತುಳಿದರೆ ಏನಾಗುತ್ತೆ ಅಂತ ನಾನು ಬರೆಯಬೇಕಿಲ್ಲ. ಹಿಂದೆ ಯಾರೂ ಇರಲಿಲ್ಲ. ಮ್ಯಾನುಯಲ್ ಕಾರಿನ ಸಣ್ಣ ಬ್ರೇಕ್ ಪೆಡಲ್ ಸಿಗುತ್ತದೆ, ಅದನ್ನೇ ಹಾಕಿ.

ಕ್ಲಚ್ಚನ್ನು ಒತ್ತೋದು ಹೇಗೆ ಅನ್ನೋದರ ಬಗ್ಗೆ ಜನ ಜಗಳವನ್ನೇ ಆಡುತ್ತಾರೆ. ಆ ಕಾಲದ ಮಸ್ಟ್ಯಾಂಗ್‌ಗಳಲ್ಲಿ ಇದ್ದದ್ದು ರಾಡ್ ಮತ್ತು ಅಡ್ಡದಂಡ. ಗಟ್ಟಿ, ಬಾಳಿಕೆ ಬರುತ್ತದೆ, ಆದರೆ ಸೈಲೆನ್ಸರ್ ಪೈಪು ಬದಲಾಗಿದ್ದರೆ ಅದಕ್ಕೆ ತಗಲುತ್ತದೆ. ಹೈಡ್ರಾಲಿಕ್ ಹಗುರ, ಆದರೆ ಒತ್ತುವ ಬೇರಿಂಗ್ ಬೆಲ್ ಹೌಸಿಂಗ್‌ನ ಒಳಗೇ ಇರುವ ತರಹದ್ದು ಸೋರಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು. ಟಿ-5 ಬಂದ ಕಾರಿನಲ್ಲಿ ಕೇಬಲ್ ಇತ್ತು, ನಾನೂ ಕೇಬಲ್ ಹಾಕಿದೆ. ಒಂದೇ ಎಚ್ಚರಿಕೆ: ಫೈರ್‌ವಾಲ್ ತಗಡು ತೆಳ್ಳಗಿದೆ. ಬರೀ ತೂತು ಕೊರೆದು ಕೇಬಲ್ ಕೂರಿಸಿದರೆ ಪೆಡಲ್ ಒತ್ತಿದಾಗೆಲ್ಲ ತಗಡು ಡಬ್ಬಿ ಮುಚ್ಚಳದ ಹಾಗೆ ಒಳಗೆ ಹೊರಗೆ ಆಗುತ್ತದೆ, ಕ್ಲಚ್ ಪೂರ್ತಿ ಬಿಡುವುದೇ ಇಲ್ಲ, ಕೊನೆಗೆ ತಗಡು ಸೀಳುತ್ತದೆ. ಹಿಂದಿನಿಂದ ದಪ್ಪ ಪ್ಲೇಟ್ ಕೊಡಲೇಬೇಕು.

ಈಗ ನೀವು ಕತ್ತರಿ ಹಾಕಬಾರದ ಭಾಗ. ಆಟೋಮ್ಯಾಟಿಕ್‌ನಲ್ಲಿ ಪಿ ಅಂತ ಒಂದು ಜಾಗ ಇದೆಯಲ್ಲ, ಅಲ್ಲಿಗೆ ತಳ್ಳಿದರೆ ಗೇರ್‌ಬಾಕ್ಸ್ ಒಳಗೆ ಒಂದು ಕೊಕ್ಕೆ ಹಲ್ಲಿಗೆ ಸಿಕ್ಕಿ ಹಿಂದಿನ ಚಕ್ರಗಳನ್ನು ಹಿಡಿದಿಡುತ್ತದೆ. ವರ್ಷಗಟ್ಟಲೆ ಹಾಗೆ ನಿಲ್ಲಿಸಿ ಅಭ್ಯಾಸ. ಹ್ಯಾಂಡ್ ಬ್ರೇಕ್ ಎಳೆದದ್ದೇ ನೆನಪಿಲ್ಲ. ಮಸ್ಟ್ಯಾಂಗ್‌ನಲ್ಲಿ ಅದು ಡ್ಯಾಶ್‌ಬೋರ್ಡ್ ಕೆಳಗೆ ಒಂದು ಹಿಡಿ, ಕೇಬಲ್ಲು ಹಿಂದಿನ ಡ್ರಮ್ಮಿನವರೆಗೆ ಹೋಗುತ್ತದೆ, ನನ್ನದರಲ್ಲಿ ಅದು ತುಕ್ಕು ಹಿಡಿದು ಕೊಳವೆಯೊಳಗೇ ಕಚ್ಚಿಕೊಂಡಿತ್ತು. ಮ್ಯಾನುಯಲ್ ಹಾಕಿಸಿದ ವಾರದಲ್ಲೇ ಒಂದು ಸಂಜೆ ಮನೆ ಮುಂದೆ ಕಾರು ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕೀ ತೆಗೆದು ಇಳಿದೆ. ಗೇಟ್ ಹತ್ತಿರ ಹೋಗಿ ತಿರುಗಿ ನೋಡಿದರೆ ಕಾರು ನನ್ನನ್ನು ಬಿಟ್ಟು ಹಿಂದಕ್ಕೆ ಹೊರಟಿದೆ. ಸದ್ದಿಲ್ಲ, ಎಂಜಿನ್ ಆಫ್. ಓಡಿ ಬಾಗಿಲು ಹಿಡಿಯೋಷ್ಟರಲ್ಲಿ ಹಿಂದಿನ ಬಂಪರ್ ಕಾಂಪೌಂಡ್ ಗೋಡೆಗೆ ತಾಗಿ ನಿಂತಿತು. ಬಂಪರ್ ಸೊಟ್ಟಗಾಯಿತು, ಅಷ್ಟೇ. ಆ ಹೊತ್ತಿಗೆ ಆ ಗೋಡೆ ಹತ್ತಿರ ದಿನಾ ಮಕ್ಕಳು ಆಡುತ್ತಿರುತ್ತಾರೆ. ಅವತ್ತು ಇರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಮೊದಲು ತರಿಸಿದ್ದು ಹ್ಯಾಂಡ್ ಬ್ರೇಕ್ ಕೇಬಲ್. ಗೇರ್‌ಬಾಕ್ಸ್ ಬದಲಾಯಿಸುವ ಕೆಲಸದಲ್ಲಿ ಹ್ಯಾಂಡ್ ಬ್ರೇಕ್ ಸೇರಿಲ್ಲ ಅಂತ ವರ್ಕ್‌ಶಾಪಿನವರು ಅಂದರು. ಅವರ ಬಿಲ್ಲಿನಲ್ಲಿ ಸೇರಿಲ್ಲದೇ ಇರಬಹುದು. ಆದರೆ ಪಿ ಕಿತ್ತುಹಾಕಿದವರು ಅದರ ಬದಲು ಏನು ಹಿಡಿದಿಡುತ್ತದೆ ಅಂತ ನೋಡಬೇಕಲ್ವಾ?

ಡಿಫರೆನ್ಷಿಯಲ್ ಲೆಕ್ಕ ನನಗೆ ಇಷ್ಟದ ವಿಷಯ, ಸ್ವಲ್ಪ ತಾಳ್ಮೆ ಇರಲಿ. ಡಿಫರೆನ್ಷಿಯಲ್ ಅಂದರೆ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ. ನನ್ನ ಕಾರಿನಲ್ಲಿ ಅದರ ರೇಶಿಯೋ 2.80, ಅಂದರೆ ಚಕ್ರ ಒಂದು ಸುತ್ತು ಸುತ್ತಲು ಶಾಫ್ಟ್ 2.80 ಸುತ್ತು ಸುತ್ತಬೇಕು. ಸಿ4ನ ಫಸ್ಟ್ ಗೇರ್ 2.46. ಗುಣಿಸಿದರೆ 6.89, ಈ ಅಂಕೆ ದೊಡ್ಡದಾದಷ್ಟೂ ನಿಂತಲ್ಲಿಂದ ಹೊರಡುವುದು ಸುಲಭ. ಇದು ತೀರಾ ಕಡಿಮೆ ಅನಿಸುತ್ತದೆ, ಆದರೆ ನಿಂತಲ್ಲಿಂದ ಹೊರಡುವಾಗ ಟಾರ್ಕ್ ಕನ್ವರ್ಟರ್ ಎಂಜಿನ್ನಿನ ಎಳೆತವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡುತ್ತದೆ, ಹಾಗಾಗಿ ನಡೆಯುತ್ತಿತ್ತು. ಮ್ಯಾನುಯಲ್‌ನಲ್ಲಿ ಆ ಉಪಕಾರ ಇಲ್ಲ. ಆ ಕಾಲದ ಫೋರ್ಡ್ ಟಾಪ್‌ಲೋಡರ್ ಅನ್ನೋ ನಾಲ್ಕು ಗೇರಿನ ಮ್ಯಾನುಯಲ್ ಹಾಕಿದರೆ ಫಸ್ಟ್ 2.78, ಗುಣಿಸಿದರೆ 7.78. ಅದರಲ್ಲೇ ಕ್ಲೋಸ್ ರೇಶಿಯೋ, ಅಂದರೆ ಗೇರುಗಳ ನಡುವೆ ಅಂತರ ಕಡಿಮೆ ಇರುವ ತರಹದ್ದಾದರೆ ಫಸ್ಟ್ 2.32, ಗುಣಿಸಿದರೆ 6.5. ಏರಿನಲ್ಲಿ ನಿಂತು ಹೊರಡಬೇಕಾದರೆ ಕ್ಲಚ್ಚನ್ನು ಸುಟ್ಟೇ ಹೊರಡಬೇಕು. ಕ್ಲೋಸ್ ರೇಶಿಯೋ ಅಂತ ಹೆಮ್ಮೆಯಿಂದ ಹಾಕಿಸಿಕೊಂಡು ಆಮೇಲೆ ಕ್ಲಚ್ ವಾಸನೆ ಬರುತ್ತೆ ಅಂತ ಅಳುವವರನ್ನು ನೋಡಿದ್ದೇನೆ. ನನ್ನ ಟಿ-5ರ ಫಸ್ಟ್ 3.35, ಗುಣಿಸಿದರೆ 9.38. ಹೊರಡಲು ತೊಂದರೆ ಇಲ್ಲ. ಹತ್ತರ ಆಸುಪಾಸು ಇದ್ದರೆ ರಸ್ತೆಯ ಕಾರಿಗೆ ಚೆನ್ನ.

ಆದರೆ ಟಿ-5ರ ಇನ್ನೊಂದು ತುದಿ ನೋಡಿ. ಐದನೇ ಗೇರ್ 0.68. ನನ್ನ ಟೈರಿನ ಅಳತೆಗೆ 100 ಕಿಲೋಮೀಟರ್ ವೇಗದಲ್ಲಿ ಎಂಜಿನ್ ಸುಮಾರು 1,600 ಆರ್‌ಪಿಎಂ ಮಾತ್ರ. ಕೇಳಲು ಚೆಂದ. ಓಡಿಸಿದರೆ ಎಂಜಿನ್ನು ಮೂಗು ಕಟ್ಟಿದವರ ಹಾಗೆ ಗೊರಗೊರ ಅನ್ನುತ್ತದೆ, ಸಣ್ಣ ಏರು ಬಂದರೂ ನಾಲ್ಕಕ್ಕೆ ಇಳಿಸಬೇಕು. ಐದನೇ ಗೇರು ಹೆಸರಿಗೆ ಮಾತ್ರ. ಕೊನೆಗೆ ಡಿಫರೆನ್ಷಿಯಲ್‌ಗೆ 3.25ರ ಕ್ರೌನ್ ಪಿನಿಯನ್ ಗೇರ್ ಜೋಡಿ ಹಾಕಿದೆ. ಈಗ 100ರಲ್ಲಿ ಸುಮಾರು 1,850. ಫಸ್ಟ್‌ನ ಲೆಕ್ಕ 10.9. ಕಾರು ಈಗ ಕಾರಿನ ಹಾಗಿದೆ. ಇದನ್ನು ಹಾಕಿದ ಮೇಲೆ ಸ್ಪೀಡೋಮೀಟರ್ ಸುಳ್ಳು ಹೇಳತೊಡಗಿತು, ಅದರ ಪ್ಲಾಸ್ಟಿಕ್ ಗೇರ್ ಬದಲಾಯಿಸಿದೆ. ಒಂದನ್ನು ಮುಟ್ಟಿದರೆ ಇನ್ನೊಂದು, ಅದನ್ನು ಮುಟ್ಟಿದರೆ ಮತ್ತೊಂದು.

ಪ್ರೊಪೆಲ್ಲರ್ ಶಾಫ್ಟ್ ಉದ್ದ, ಗೇರ್‌ಬಾಕ್ಸ್ ಅಡಿಯ ಅಡ್ಡಪಟ್ಟಿ, ಕಾರಿನ ನೆಲದ ನಡುವಿನ ಉಬ್ಬಾದ ಟನಲ್‌ನಲ್ಲಿ ಗೇರ್ ರಾಡ್ ತೂತು, ಇವು ನಿಮ್ಮ ಬರಹದಲ್ಲೇ ಬಂದಿವೆ. ಒಂದೇ ಸೇರಿಸುತ್ತೇನೆ: ಗೇರ್‌ಬಾಕ್ಸ್ ಬಾಲ ಎಷ್ಟು ಕೋನದಲ್ಲಿ ಕೆಳಗೆ ನೋಡುತ್ತದೋ ಡಿಫರೆನ್ಷಿಯಲ್ ಮೂಗು ಅಷ್ಟೇ ಕೋನದಲ್ಲಿ ಮೇಲೆ ನೋಡಬೇಕು, ಇಲ್ಲದಿದ್ದರೆ ಶಾಫ್ಟಿನ ಎರಡು ತುದಿಯ ಕೀಲುಗಳು, ಅಂದರೆ ಕ್ರಾಸ್‌ಗಳೂ ಒಂದಕ್ಕೊಂದು ಜಗಳ ಆಡುತ್ತವೆ. ಶಾಫ್ಟ್ ಕತ್ತರಿಸುವ ಮೊದಲು ಕಾರು ಚಕ್ರದ ಮೇಲೆ ನಿಂತಿರುವಾಗ ಅಳೆಯಿರಿ, ಜಾಕಿ ಮೇಲೆ ಹಿಂದಿನ ಆಕ್ಸಲ್ ಜೋತುಬಿದ್ದಾಗ ಅಲ್ಲ.

ಆಯಿಲ್. ನನ್ನದರಂತಹ ವರ್ಲ್ಡ್ ಕ್ಲಾಸ್ ಅನ್ನೋ ಮಾದರಿಯ ಟಿ-5ಕ್ಕೆ ದಪ್ಪ ಗೇರ್ ಆಯಿಲ್ ಅಲ್ಲ, ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಅದೇ ಕೆಂಪು ಆಯಿಲ್ ಹಾಕಬೇಕು. ವರ್ಕ್‌ಶಾಪಿನವರು ಮ್ಯಾನುಯಲ್ ಅಂದಮೇಲೆ ದಪ್ಪನೆಯದೇ ಅಂತ 90 ನಂಬರ್ ತುಂಬಿಸಿದ್ದರು. ಬೆಳಿಗ್ಗೆ ಎರಡನೇ ಗೇರ್ ಬೀಳಿಸಲು ಎರಡು ಕೈ ಬೇಕಾಗುತ್ತಿತ್ತು. ಹಳೇ ಟಾಪ್‌ಲೋಡರ್‌ಗೆ ದಪ್ಪದ್ದೇ ಸರಿ, ಆದರೆ ಡಬ್ಬಿ ಮೇಲೆ ಗೇರ್ ಆಯಿಲಿನ ದರ್ಜೆ ಜಿಎಲ್-4 ಅಂತ ಇರಲಿ. ಜಿಎಲ್-5ರಲ್ಲಿ ಜಾಸ್ತಿ ಇರುವ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೋ ರಿಂಗ್‌ಗಳನ್ನು ತಿನ್ನಬಹುದು.

ಯಾರೂ ಮಾಡಿಸಬೇಡಿ ಅಂತ ನಾನು ಹೇಳುತ್ತಿಲ್ಲ. ನನಗೆ ಈ ಕಾರು ಈಗ ಮೊದಲಿಗಿಂತ ಇಷ್ಟ. ಮೂರರಿಂದ ಎರಡಕ್ಕೆ ಇಳಿಸುವಾಗ ಆ ವಿ-8 ಗಂಟಲು ಸರಿಮಾಡಿಕೊಳ್ಳುವುದಿದೆಯಲ್ಲ, ಅದನ್ನು ಕೇಳಲೆಂದೇ ಸುತ್ತುದಾರಿ ಹಿಡಿಯುತ್ತೇನೆ. ಆದರೆ ಮೊದಲು ಆಟೋಮ್ಯಾಟಿಕ್‌ಗೆ ನಿಜವಾಗಿ ಏನಾಗಿದೆ ಅಂತ ನೋಡಿ. ಬೇಸರಕ್ಕೆ ತೆಗೆಯುವುದು ಬೇರೆ, ಕೆಟ್ಟಿದೆ ಅಂತ ನಂಬಿ ತೆಗೆಯುವುದು ಬೇರೆ. 1980ರ ನಂತರದ, ಕಂಪ್ಯೂಟರ್ ಇರುವ ಕಾರಾದರೆ ಇನ್ನೂ ಯೋಚಿಸಿ, ಗೇರ್‌ಬಾಕ್ಸ್‌ನಿಂದ ಬರಬೇಕಾದ ಸಿಗ್ನಲ್ ಬರದಿದ್ದರೆ ಆ ಕಂಪ್ಯೂಟರ್ ಎಂಜಿನ್ನನ್ನೇ ಸರಿಯಾಗಿ ಓಡಲು ಬಿಡದಿರಬಹುದು. ಇನ್ಶೂರೆನ್ಸ್ ಕಂಪನಿಗೆ ಹೇಳಿ. ಕಾರಿನ ಡೋರ್ ಪ್ಲೇಟಿನಲ್ಲಿ ಯಾವ ಗೇರ್‌ಬಾಕ್ಸ್‌ನೊಂದಿಗೆ ಫ್ಯಾಕ್ಟರಿಯಿಂದ ಬಂತು ಅನ್ನೋ ಕೋಡ್ ಇದೆ, ಮುಂದೆ ಕೊಳ್ಳುವವರು ಅದನ್ನು ಓದುತ್ತಾರೆ, ಮುಚ್ಚಿಡಲು ಹೋಗಬೇಡಿ.

ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಚಾರ್ಟರ್ ಎಂಬ ದಾಖಲೆ ಇದೆ. ಬದಲಾವಣೆ ಮಾಡಲೇಬೇಕಾದರೆ ಮತ್ತೆ ಹಿಂದಕ್ಕೆ ತರುವ ಹಾಗೆ ಮಾಡಿ, ತೆಗೆದ ಮುಖ್ಯ ಭಾಗಗಳನ್ನು ವಾಹನದ ಜೊತೆಗೇ ಇಡಿ ಅನ್ನುವುದು ಅದರಲ್ಲಿರುವ ಸಲಹೆ. ನಾನು ಅದನ್ನು ಓದಿದ್ದು ಎಲ್ಲ ಮುಗಿದ ಮೇಲೆ. ಆದರೂ ಟನಲ್ ಕತ್ತರಿಸುವಾಗ ಏಕೋ ಕೈ ತಡೆದು, ಮೊದಲು ರಟ್ಟಿನಲ್ಲಿ ಅಚ್ಚು ಮಾಡಿ ನೋಡಿದ್ದೆವು. ಕತ್ತರಿಸಬೇಕಾಗಿದ್ದು ಎರಡು ಬೆರಳಿನಷ್ಟು ಮಾತ್ರ.

ನನ್ನ ಹೆಂಡತಿಗೆ ಈ ಬದಲಾವಣೆ ಇಷ್ಟವಿಲ್ಲ. ಅವಳೂ ಈ ಕಾರು ಓಡಿಸುತ್ತಿದ್ದಳು, ಈಗ ಓಡಿಸುವುದಿಲ್ಲ. ಟ್ರಾಫಿಕ್‌ನಲ್ಲಿ ಎಡಗಾಲು ನೋಯಿಸಿಕೊಳ್ಳೋ ಹುಚ್ಚು ನಿಮಗಿರಲಿ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸಿ4 ಗ್ಯಾರೇಜಿನ ಮೂಲೆಯಲ್ಲಿ ಒಂದು ಹಲಗೆ ಮೇಲೆ ಕೂತಿದೆ. ತೂತುಗಳಿಗೆಲ್ಲ ಪ್ಲಗ್, ಮೇಲೆ ಹೊದಿಕೆ. ಕನ್ವರ್ಟರ್, ಅಗಲದ ಬ್ರೇಕ್ ಪೆಡಲ್, ಚುಕ್ಕೆಗಳ ಸೆಲೆಕ್ಟರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿವೆ. ಹೋದ ತಿಂಗಳು ಅದಕ್ಕೆ ಹೊಸ ಮಾಡ್ಯುಲೇಟರ್ ತಂದು ಹಾಕಿದೆ. ಯಾಕೆ ಅಂತ ತಮ್ಮ ಕೇಳಿದ. ಸುಮ್ನೆ ಅಂದೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ